ಗುರುಗಳು ಕಲಿಸುವುದೇ ಇಲ್ಲ, ಬರೀ ‘ಕೇಳು’ ಅಂತಾರೆ. ಏನು ಮಾಡಲಿ?

ಪ್ರಶ್ನೆ: ನನಗೆ 36 ವರ್ಷ. ಊರು ಬೆಳ್ತಂಗಡಿ ಕಡೆ. ಬ್ಯಾಂಕ್ ಕೆಲಸದ ಮೇಲೆ ನಾಲ್ಕು ವರ್ಷಗಳಿಂದ ಉಡುಪಿಯಲ್ಲಿದ್ದೇನೆ. ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿ ಬೆಳೆದವನು, ಮದ್ದಳೆ ಕಲಿಯಬೇಕೆಂಬ ಆಸೆ ಹಳೆಯದು. ಕಳೆದ ಜೂನ್‌ನಿಂದ ಒಬ್ಬ ಹಿರಿಯ ಮದ್ದಳೆಗಾರರ ಮನೆಗೆ ಹೋಗುತ್ತಿದ್ದೇನೆ. ಅವರಿಗೆ 74 ದಾಟಿದೆ, ಬಡಗಿನ, ಅಂದರೆ ಉತ್ತರದ ಶೈಲಿಯ ಆಟದ ತಂಡಗಳಾದ ಮೇಳಗಳಲ್ಲಿ ಮೂವತ್ತು ವರ್ಷ ತಿರುಗಿದವರು. ವಿದ್ಯೆ ಬಗ್ಗೆ ಎರಡು ಮಾತಿಲ್ಲ. ಆದರೆ ಕಲಿಸುವ ಕ್ರಮವೇ ಅರ್ಥ ಆಗುವುದಿಲ್ಲ. ಮೊದಲ ಮೂರು ತಿಂಗಳು ಮದ್ದಳೆ ಮುಟ್ಟಲು ಬಿಡಲಿಲ್ಲ, ಬರೀ ಬಾಯಿತಾಳ, ಅಂದರೆ ಪೆಟ್ಟುಗಳನ್ನು ಬಾಯಲ್ಲಿ ಹೇಳುವುದು. ಯಾಕೆ ಅಂತ ಕೇಳಿದರೆ ‘ಕೇಳು ಮಾರಾಯ, ಗೊತ್ತಾಗ್ತದೆ’ ಅನ್ನುತ್ತಾರೆ. ಒಂದು ದಿನ ಹೇಳಿದ್ದನ್ನೇ ಇನ್ನೊಂದು ದಿನ ಬೇರೆ ತರ ನುಡಿಸುತ್ತಾರೆ. ಸಿಟ್ಟು ಜಾಸ್ತಿ. ಫೀಸು ಮುಟ್ಟುವುದಿಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡಲು ಹೋದರೆ ಬೈದರು. ಯೂಟ್ಯೂಬಿನಲ್ಲಿ ಪಾಠ ಮಾಡುವವರು ಎರಡೇ ವಾರದಲ್ಲಿ ನುಡಿಸಲು ಹೇಳಿಕೊಡುತ್ತಾರೆ. ಇವರು ಬೇಕೆಂದೇ ಗುಟ್ಟು ಮುಚ್ಚಿಡುತ್ತಿದ್ದಾರಾ? ನನ್ನ ವಯಸ್ಸಿಗೆ ಇದೆಲ್ಲ ಆಗುವುದೇ? ಬಿಟ್ಟು ಬೇರೆ ತರಗತಿಗೆ ಸೇರಲೇ? ಪಕ್ಕದಲ್ಲಿ ಚೆಂಡೆ ಕಲಿಯುವವರಿದ್ದಾರೆ, ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಒಂಬತ್ತು ವರ್ಷದ ಮಗಳೂ ಬರುತ್ತೇನೆ ಅಂತಾಳೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಜಾಗದಲ್ಲಿ ಕೂತು ಓದಿದೆ, ಎರಡನೇ ಸಲ ನಿಮ್ಮ ಗುರುಗಳ ಜಾಗದಲ್ಲಿ. ನಾನು ಎರಡೂ ಕಡೆ ಕೂತವನು. ಮೇಳದ ಜೊತೆ ಹತ್ತು ತಿರುಗಾಟ ಮಾಡಿದ್ದೇನೆ, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಚೆಂಡೆ, ಮದ್ದಳೆ ಹೇಳಿಕೊಡುತ್ತಿದ್ದೇನೆ. ಗುಟ್ಟು, ವಯಸ್ಸು, ಬಿಡುವುದಾ ಇರುವುದಾ, ಕಿವಿ, ಮಗಳು ಅಂತ ಬಹಳ ಕೇಳಿದ್ದೀರಿ. ಆದರೆ ನಿಜವಾದ ಚಿಂತೆ ಒಂದೇ ಅಂತ ನನಗೆ ಅನ್ನಿಸಿತು. ಇಷ್ಟು ತಿಳಿದ ಮನುಷ್ಯ ಎದುರಿಗೇ ಕೂತಿದ್ದಾರೆ, ಅವರೊಳಗಿನದು ನನ್ನ ಕೈಗೆ ಯಾಕೆ ಬರುವುದಿಲ್ಲ?

ಮೊದಲು ಗುಟ್ಟಿನ ವಿಷಯ. ಒಂದಷ್ಟು ಮುಚ್ಚಿಡುವವರು ಹಿಂದೆ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಫೀಸು ತೆಗೆದುಕೊಳ್ಳದೆ ವಾರವಾರ ಮನೆಗೆ ಬರಲು ಬಿಡುವವರು ಮುಚ್ಚಿಟ್ಟು ಏನು ಗಳಿಸುತ್ತಾರೆ? ನಿಮ್ಮ ಗುರುಗಳು ಬಚ್ಚಿಡುತ್ತಿಲ್ಲ. ಅವರಿಗೆ ಗೊತ್ತಿರುವುದು ಕೈಯಲ್ಲಿದೆ, ಬಾಯಲ್ಲಿ ಇಲ್ಲ.

ಇದನ್ನು ನಾನು ನನ್ನ ಮೇಲೇ ಕಂಡುಕೊಂಡೆ. ನನ್ನಲ್ಲಿ ಕಲಿಯಲು ಬಂದ ಎಂಜಿನಿಯರ್ ಒಬ್ಬರು ಅಷ್ಟತಾಳದ ಒಂದು ಪೆಟ್ಟು ಸರಿಯಾಗಿ ಎಲ್ಲಿ ಬೀಳಬೇಕು ಅಂತ ಕೇಳಿದರು. ಹದಿನಾಲ್ಕು ಅಕ್ಷರ ಎಣಿಸಿ ‘ಇಲ್ಲಿ’ ಅಂದೆ. ಅವರು ಸುಮ್ನೆ ಹೋಗಲಿಲ್ಲ. ನಾನು ನುಡಿಸಿದ್ದನ್ನು ಕಂಪ್ಯೂಟರಿಗೆ ಹಾಕಿ ಅಲೆಗಳ ಚಿತ್ರ ತಂದು ತೋರಿಸಿದರು. ಪ್ರತಿ ಸಲವೂ ಆ ಪೆಟ್ಟು ನಾನು ಹೇಳಿದ ಜಾಗದಿಂದ ಒಂದು ಕೂದಲೆಳೆ ತಡವಾಗಿ ಬೀಳುತ್ತಿತ್ತು. ಕಲಿಸುವಾಗ ಒಂದು ಹೇಳಿ, ನುಡಿಸುವಾಗ ಇನ್ನೊಂದು ಮಾಡುತ್ತಿದ್ದೆ. ಸುಳ್ಳು ಹೇಳಿದ್ದಲ್ಲ, ನನಗೇ ಗೊತ್ತಿರಲಿಲ್ಲ. ಆ ತಡವೇ ಪದ್ಯಕ್ಕೆ ತೂಕ ಕೊಡುತ್ತಿದ್ದದ್ದು. ಅದನ್ನು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಪದ್ಯ ಹಾಡಿ ಆಟ ನಡೆಸುವ ಒಬ್ಬ ಭಾಗವತರ ಪಕ್ಕ ಮೂರು ವರ್ಷ ಕೂತಾಗ ಬಂದು ಅಂಟಿಕೊಂಡದ್ದು.

‘ಒಂದು ದಿನ ಒಂದು ತರ, ಇನ್ನೊಂದು ದಿನ ಇನ್ನೊಂದು ತರ’ ಅನ್ನುತ್ತೀರಲ್ಲ, ಅದಕ್ಕೆ ಕಾರಣ ಇಲ್ಲೇ ಇದೆ. ಮದ್ದಳೆಗೆ ಒಂಟಿ ಪಾಠ ಅನ್ನುವುದು ಪೂರ್ತಿಯಾಗಿ ಇಲ್ಲವೇ ಇಲ್ಲ. ಏಕತಾಳಕ್ಕೆ ನಾಲ್ಕು ಅಕ್ಷರ, ರೂಪಕಕ್ಕೆ ಆರು, ತ್ರಿವುಡೆಗೆ ಏಳು, ಝಂಪೆಗೆ ಹತ್ತು. ಈ ಲೆಕ್ಕ ಪುಸ್ತಕದಲ್ಲೂ ಸಿಗುತ್ತದೆ, ಸಂಜೆಯೊಳಗೆ ಬಾಯಿಪಾಠ ಆಗುತ್ತದೆ. ಆದರೆ ಅದೇ ತ್ರಿವುಡೆ ಶೋಕಕ್ಕೆ ಬಂದಾಗ ಒಂದು, ಯುದ್ಧಕ್ಕೆ ಬಂದಾಗ ಇನ್ನೊಂದು. ಭಾಗವತರು ಎಲ್ಲಿ ಎಳೆಯುತ್ತಾರೆ, ವೇಷಧಾರಿ ಯಾವ ಹೆಜ್ಜೆಗೆ ಕಾಲೆತ್ತಿದ್ದಾರೆ, ಬಿಡ್ತಿಗೆ ಅನ್ನುವ ನುಡಿಕೆ ಎಷ್ಟು ಬೇಕು, ಮುಗಿಸುವ ಮುಕ್ತಾಯ ಯಾವಾಗ ಕೊಡಬೇಕು ಅನ್ನುವುದು ಆ ಕ್ಷಣದ ತೀರ್ಮಾನ. ನಿಮ್ಮ ಗುರುಗಳು ಮನೆಯ ಚಾವಡಿಯಲ್ಲಿ ಒಬ್ಬರೇ ನುಡಿಸುವಾಗಲೂ ಅವರ ಕಿವಿಯಲ್ಲಿ ಯಾರೋ ಒಬ್ಬ ಭಾಗವತರು ಹಾಡುತ್ತಿರುತ್ತಾರೆ. ಸೋಮವಾರ ಒಬ್ಬರು, ಗುರುವಾರ ಇನ್ನೊಬ್ಬರು. ಹಾಡು ನಿಮಗೆ ಕೇಳಿಸುವುದಿಲ್ಲ, ಪೆಟ್ಟು ಮಾತ್ರ ಕೇಳಿಸುತ್ತದೆ. ಅದಕ್ಕೇ ಗೊಂದಲ.

ಹಾಗಾದರೆ ಹಿಂದಿನವರು ಹೇಗೆ ಕಲಿತರು ಅಂತ ಕೇಳಬಹುದು. ಮೇಳವೇ ಶಾಲೆಯಾಗಿತ್ತು. ರಾತ್ರಿಯಿಡೀ ಆಟ ಇದ್ದಾಗ ಮುಖ್ಯ ಭಾಗವತರೂ ಮುಖ್ಯ ಮದ್ದಳೆಗಾರರೂ ಶುರುವಿಗೇ ಬರುತ್ತಿರಲಿಲ್ಲ. ಕೋಡಂಗಿ, ಬಾಲಗೋಪಾಲ ವೇಷಗಳು ಬರುವ ಪೂರ್ವರಂಗವೆಲ್ಲ ಎಳೆಯರ ಪಾಲು. ತೆಂಕಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ಪೂರ್ವರಂಗ ಹಾಡುವ ಎಳೆಯ ಭಾಗವತನಿಗೆ ‘ಸಂಗೀತಗಾರ’ ಅಂತ ಹೆಸರೇ ಇದೆ, ನಿಮಗೆ ಗೊತ್ತಿರಬಹುದು. ನೋಡುವವರು ಇನ್ನೂ ಮನೆಯಲ್ಲಿ ಊಟ ಮುಗಿಸುತ್ತಿರುವಾಗ ನಾವು ಅಲ್ಲಿ ತಪ್ಪು ಮಾಡಿ, ಬೈಸಿಕೊಂಡು, ತಿದ್ದಿಕೊಂಡು, ಮಧ್ಯರಾತ್ರಿ ದೊಡ್ಡವರು ಬಂದ ಮೇಲೆ ಹಿಂದೆ ಕೂತು ಬೆಳಗಿನವರೆಗೆ ಕೇಳುತ್ತಿದ್ದೆವು. ನವೆಂಬರಿನಿಂದ ಮೇವರೆಗೆ ದಿನವೂ ಇದೇ. ನಿದ್ದೆಗಣ್ಣಲ್ಲಿ ಕೇಳಿದ್ದೂ ಒಳಗೆ ಇಳಿಯುತ್ತದೆ.

ಒಂದು ರಾತ್ರಿ ಪೂರ್ವರಂಗದಲ್ಲಿ ನನ್ನ ಕೈ ಓಡಿತು. ಜೋಶ್ ಅಷ್ಟೆ. ಹಿರಿಯ ಮದ್ದಳೆಗಾರರು ವೇಷ ಕಟ್ಟುವ ಚೌಕಿಯಿಂದಲೇ ಕೇಳಿಸಿಕೊಂಡರು. ಮರುದಿನದಿಂದ ಒಂದು ತಿಂಗಳು ನನ್ನ ಕೈಗೆ ಮದ್ದಳೆ ಸಿಗಲಿಲ್ಲ. ಜಾಗಟೆ ಕೊಟ್ಟರು. ಯಾಕೆ ಅಂತ ಹೇಳಲಿಲ್ಲ. ಆಗ ಸಿಟ್ಟು ಬಂದದ್ದು ನಿಜ. ಜಾಗಟೆ ಹಿಡಿದು ಭಾಗವತರ ಉಸಿರಿಗೆ ಕಿವಿ ಕೊಟ್ಟ ಮೇಲೆ, ನನ್ನ ಮದ್ದಳೆ ಅವರನ್ನು ಹೇಗೆ ಅಟ್ಟಿಸಿಕೊಂಡು ಹೋಗುತ್ತಿತ್ತು ಅಂತ ತಿಳಿಯಿತು. ನಿಮ್ಮ ಮೂರು ತಿಂಗಳ ಬಾಯಿತಾಳವೂ ಇದೇ ಜಾತಿಯ ಪಾಠ. ಬಾಯಲ್ಲಿ ನಿಲ್ಲದ ಲಯ ಕೈಯಲ್ಲಿ ನಿಲ್ಲುವುದಿಲ್ಲ. ಆದರೆ ಒಂದು ವ್ಯತ್ಯಾಸ ಉಂಟು. ನನಗೆ ಆ ತಿಂಗಳಲ್ಲಿ ಮೂವತ್ತು ರಾತ್ರಿಗಳ ಆಟ ಸಿಕ್ಕಿತ್ತು. ನಿಮಗೆ ವಾರಕ್ಕೆ ಎರಡು ಗಂಟೆ. ಈಗ ಕಾಲಮಿತಿಯ ಆಟಗಳು ಹೆಚ್ಚಾಗಿ, ಎಳೆಯರ ಆ ಮೊದಲ ಎರಡು ಗಂಟೆಯೂ ಹಲವು ಕಡೆ ಇಲ್ಲವಾಗಿದೆ. ಗುರುಗಳು ತಮಗೆ ಗೊತ್ತಿರುವ ಕ್ರಮದಲ್ಲೇ ಕಲಿಸುತ್ತಿದ್ದಾರೆ. ಆ ಕ್ರಮದ ಅರ್ಧ ಭಾಗ ಮೇಳದಲ್ಲಿತ್ತು ಅನ್ನುವುದು ಅವರ ಗಮನಕ್ಕೆ ಬಂದಿಲ್ಲ. ಆ ಅರ್ಧವನ್ನು ನೀವೇ ತುಂಬಿಕೊಳ್ಳಬೇಕು.

ತುಂಬಿಕೊಳ್ಳುವುದು ಹೇಗೆ? ತಿಂಗಳಿಗೆ ಎರಡಾದರೂ ಆಟ ನೋಡಿ. ಎದುರು ಕುರ್ಚಿಯಲ್ಲಲ್ಲ, ಹಿಮ್ಮೇಳದ ಬದಿಗೆ, ಮದ್ದಳೆಗಾರರ ಕೈ ಕಾಣುವ ಕಡೆ ಕೂತುಕೊಳ್ಳಿ. ಸಾಧ್ಯವಾದರೆ ನಿಮ್ಮ ಗುರುಗಳನ್ನೇ ಕಾರಲ್ಲಿ ಕರೆದುಕೊಂಡು ಹೋಗಿ. ಬರುವಾಗ ದಾರಿಯಲ್ಲಿ ಅವರು ಆಡುವ ಮಾತು ಮೂರು ತಿಂಗಳ ಪಾಠಕ್ಕೆ ಸಮ. ‘ಅಲ್ಲಿ ಅವ ಮುಕ್ತಾಯ ಬೇಗ ಕೊಟ್ಟ’ ಅಂತಾರೆ, ನೀವು ಕಿವಿ ನೆಟ್ಟಗೆ ಮಾಡಿ. ತಾಳಮದ್ದಳೆ ಇನ್ನೂ ಒಳ್ಳೆಯದು. ಕುಣಿತ ಇಲ್ಲ, ವೇಷದ ಸೆಳೆತ ಇಲ್ಲ, ಪದ್ಯಕ್ಕೂ ಮದ್ದಳೆಗೂ ಇರುವ ನಂಟು ಬರಿದಾಗಿ ಕೇಳುತ್ತದೆ.

ಇನ್ನು ಕೇಳುವ ಕ್ರಮ. ಇಂಥವರಲ್ಲಿ ‘ಯಾಕೆ’ ಅಂತ ಕೇಳಬೇಡಿ. ಉತ್ತರ ಅವರಲ್ಲಿ ಇರುವುದಿಲ್ಲ, ಇಲ್ಲದ್ದಕ್ಕೆ ಸಿಟ್ಟು ಬರುತ್ತದೆ. ಬಾಯಲ್ಲಿ ಕೇಳದೆ ಕೈಯಲ್ಲಿ ಕೇಳಿ. ಒಂದೇ ಬಿಡ್ತಿಗೆಯನ್ನು ಎರಡು ತರ ನುಡಿಸಿ, ‘ಇದೋ, ಇದೋ?’ ಅನ್ನಿ. ತಕ್ಷಣ ಹೇಳುತ್ತಾರೆ, ತಪ್ಪಾದದ್ದನ್ನು ಕೇಳಿ ಕೂತಿರಲು ಅವರಿಂದ ಆಗುವುದಿಲ್ಲ. ಬೇಕೆಂದೇ ಸ್ವಲ್ಪ ತಪ್ಪು ನುಡಿಸಿದರೂ ಆಗುತ್ತದೆ, ಆ ಉಪಾಯವನ್ನು ಹೆಚ್ಚು ಬಳಸಬೇಡಿ ಅಷ್ಟೆ. ಎರಡನೆಯದು, ‘ಇದು ಯಾರ ಕೈ?’ ಅಂತ ಕೇಳಿ. ತಾನು ಯಾರ ಪಕ್ಕ ಕೂತು ಇದನ್ನು ಹಿಡಿದೆ ಅನ್ನುವ ಕತೆ ಶುರುವಾದರೆ, ಎಲ್ಲಿಗೆ, ಯಾವಾಗ, ಎಷ್ಟು ಅನ್ನುವುದೆಲ್ಲ ಅದರ ಜೊತೆಗೇ ಬರುತ್ತದೆ. ಮೂರನೆಯದು, ‘ಇದು ಯಾವ ಪ್ರಸಂಗದಲ್ಲಿ, ಯಾವ ಪದ್ಯಕ್ಕೆ?’ ಆಗ ಅವರ ಕಿವಿಯೊಳಗಿನ ಭಾಗವತರು ಹೊರಗೆ ಬರುತ್ತಾರೆ. ಗುರುಗಳೇ ಪದ್ಯ ಹಾಡಿ ತೋರಿಸಬಹುದು. ಸ್ವರ ಒಡೆದಿದ್ದರೂ ಪರವಾಗಿಲ್ಲ, ನಿಮಗೆ ಬೇಕಾದದ್ದು ಅದೇ.

ಇದು ಮದ್ದಳೆಗೆ ಮಾತ್ರ ಅಂತ ಅಲ್ಲ. ಕಂಬಳದಲ್ಲಿ ಹಗ್ಗ, ನೇಗಿಲು ವಿಭಾಗದಲ್ಲಿ ಕೋಣ ಓಡಿಸುವ ಯಾರನ್ನಾದರೂ ‘ಯಾವಾಗ ಬಿಗಿ ಹಿಡಿಯಬೇಕು’ ಅಂತ ಕೇಳಿ ನೋಡಿ. ನಕ್ಕುಬಿಡುತ್ತಾರೆ. ಅವರ ಜೊತೆ ಕೋಣಗಳಿಗೆ ಎಣ್ಣೆ ಹಚ್ಚಿ, ನೀರು ಕುಡಿಸಿ, ಗದ್ದೆಯವರೆಗೆ ನಡೆದರೆ ಆ ಉತ್ತರ ಸಿಗುತ್ತದೆ. ಕುದುರೆ ಪಳಗಿಸುವವರೂ ಹೀಗೇ ಅಂತ ಕೇಳಿದ್ದೇನೆ. ಪ್ರಾಣಿಯ ಮೈ ಓದುವುದನ್ನು ಬಾಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ.

ರೆಕಾರ್ಡಿಂಗ್ ವಿಷಯದಲ್ಲಿ ನಿಮ್ಮ ತಪ್ಪೂ ಉಂಟು. ಕೇಳದೆ ಮೊಬೈಲ್ ಎತ್ತಿದರೆ ಯಾರಿಗೂ ಕಸಿವಿಸಿ ಆಗುತ್ತದೆ. ಹಳಬರಿಗೆ ಇನ್ನೊಂದು ಹೆದರಿಕೆ ಇದೆ. ವಯಸ್ಸಾದ ಕೈ, ಇಳಿದ ಶ್ರುತಿ, ಅರ್ಧಂಬರ್ಧ ನುಡಿಸಿದ್ದು ನಾಳೆ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತುತ್ತದೆ. ಎಷ್ಟೋ ಜನರಿಗೆ ಹಾಗೆ ಆಗಿಯೂ ಇದೆ. ಹೀಗೆ ಕೇಳಿ ನೋಡಿ: ‘ಬಾಯಿತಾಳ ಮಾತ್ರ, ಧ್ವನಿ ಮಾತ್ರ, ನನ್ನ ಅಭ್ಯಾಸಕ್ಕೆ ಮಾತ್ರ, ಯಾರಿಗೂ ಕಳಿಸುವುದಿಲ್ಲ.’ ಒಪ್ಪಿದರೆ ಮಾತು ಉಳಿಸಿಕೊಳ್ಳಿ. ಒಪ್ಪದಿದ್ದರೆ ಪಾಠ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಿಮ್ಮದೇ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಒಂದು ವರ್ಷ ಕಳೆದ ಮೇಲೆ ಅವರೇ ‘ಇದನ್ನು ಹಿಡಿದಿಟ್ಟುಕೋ’ ಅನ್ನಬಹುದು. 74 ದಾಟಿದವರು ಅಂದಿರಿ. ಆ ದಿನ ಬಂದರೆ ತಡ ಮಾಡಬೇಡಿ.

ವಯಸ್ಸಿನ ಬಗ್ಗೆ ಇರುವ ಮಾತು ಬಹುಪಾಲು ಸುಳ್ಳು. ಅಮೆರಿಕದ ಮಾರ್ತಾ ಆಶ್ಟನ್ ಕನ್ನಡವೇ ಗೊತ್ತಿಲ್ಲದ ಊರಿನಿಂದ, ದೊಡ್ಡವರಾದ ಮೇಲೆ ಉಡುಪಿಗೆ ಬಂದು ಬಡಗಿನ ಆಟವನ್ನು ಕಲಿತು ಸಂಶೋಧನೆ ಮಾಡಿದರು. ಅವರಿಗೆ ಗುರುವಾದವರು ಏರು ಶ್ರುತಿಯಲ್ಲಿ ನುಡಿಸುವ ‘ಏರು ಮದ್ದಳೆ’ಗೆ ಹೆಸರಾದ ಹಿರಿಯಡ್ಕ ಗೋಪಾಲ ರಾಯರು. ರಾಯರು ನೂರು ವರ್ಷ ದಾಟಿ ಬಾಳಿ 2020ರಲ್ಲಿ ತೀರಿಕೊಂಡರು. ತೆಂಕಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಮದುವೆಯಾದ ಮೇಲೆ ಗಂಡನಿಂದಲೇ ಭಾಗವತಿಕೆ ಕಲಿತು ಮೇಳದ ತಿರುಗಾಟ ಮಾಡಿದವರು. ಹಾಗಂತ ನಿಮಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಎಂಟು ವರ್ಷದಲ್ಲಿ ಶುರು ಮಾಡಿದವರ ಬೆರಳಿನ ಚುರುಕು 36ರಲ್ಲಿ ಬರುವುದು ಕಷ್ಟ. ಬ್ಯಾಂಕ್ ಕೆಲಸ ಇಟ್ಟುಕೊಂಡು ಮೇಳದ ಮದ್ದಳೆಗಾರರಾಗುವುದೂ ಆಗದ ಮಾತು. ಊರಿನ ಸಂಘದ ತಾಳಮದ್ದಳೆಗೆ, ಹವ್ಯಾಸಿಗಳ ಆಟಕ್ಕೆ ಧೈರ್ಯವಾಗಿ ಕೂರುವಷ್ಟು ನಾಲ್ಕೈದು ವರ್ಷದಲ್ಲಿ ಬರುತ್ತದೆ. ನನ್ನಲ್ಲಿ ಕಲಿತವರಲ್ಲಿ ಅಂಥವರು ಬೇಕಾದಷ್ಟು ಇದ್ದಾರೆ. ದೊಡ್ಡವರು ಕಲಿಯುವಾಗ ಅವರ ಕೈಗಿಂತ ಅವರ ಮರ್ಯಾದೆ ಹೆಚ್ಚು ಅಡ್ಡ ಬರುತ್ತದೆ, ಅಲ್ವಾ?

ನೀವು ಹೇಳದ ಒಂದು ತೊಡಕು ಪತ್ರದಲ್ಲಿ ಕಾಣುತ್ತದೆ. ಬೆಳ್ತಂಗಡಿಯಲ್ಲಿ ಬೆಳೆದವರು ನೀವು, ಕಿವಿಯಲ್ಲಿ ತುಂಬಿರುವುದು ತೆಂಕು. ಈಗ ಕೈಗೆ ಬರುತ್ತಿರುವುದು ಬಡಗು. ಮದ್ದಳೆಯ ಗಾತ್ರ ಬೇರೆ, ತೆಂಕಿನದು ದೊಡ್ಡದು. ಪೆಟ್ಟು ಬೇರೆ, ಹೆಜ್ಜೆ ಬೇರೆ, ಪದ್ಯ ಎತ್ತುವ ಕ್ರಮ ಬೇರೆ. ನಿಮಗೆ ಗೊತ್ತಿಲ್ಲದೆಯೇ ಕೈ ತೆಂಕಿನ ಕಡೆ ಜಾರುತ್ತಿರಬಹುದು. ಗುರುಗಳ ಸಿಟ್ಟಿನಲ್ಲಿ ಕಾಲು ಭಾಗವಾದರೂ ಇದಕ್ಕೇ ಇರಬಹುದು. ಎರಡು ವರ್ಷ ಬಡಗನ್ನು ಮಾತ್ರ ಹಿಡಿಯಿರಿ. ಯೂಟ್ಯೂಬಿನ ಪಾಠ ತೆಂಕಿನದ್ದೋ ಬಡಗಿನದ್ದೋ ಅಂತಲೂ ನೋಡಿಕೊಳ್ಳಿ. ಅಲ್ಲಿ ಒಳ್ಳೆಯವರೂ ಇದ್ದಾರೆ, ಪೆಟ್ಟು ಕೂರಿಸುವುದು, ಕೈ ಇಡುವುದು ಕಲಿಯಲು ತೊಂದರೆ ಇಲ್ಲ. ಆದರೆ ಪರದೆಯಲ್ಲಿರುವವರಿಗೆ ನಿಮ್ಮ ತಪ್ಪು ಕೇಳಿಸುವುದಿಲ್ಲ. ಎರಡು ವಾರದಲ್ಲಿ ಕಲಿತ ತಪ್ಪನ್ನು ಬಿಡಿಸಲು ನನಗೆ ಎರಡು ವರ್ಷ ಹಿಡಿದದ್ದುಂಟು.

ಬಿಟ್ಟು ಹೋಗಬೇಕಾ ಅಂದರೆ, ಈಗಲೇ ಬೇಡ ಅನ್ನುತ್ತೇನೆ. ಉಡುಪಿ ಇಂದ್ರಾಳಿಯ ಯಕ್ಷಗಾನ ಕೇಂದ್ರದಂಥ ಕಡೆ ಕ್ರಮವಾದ ಪಾಠ ಉಂಟು, ಆದರೆ ಅಲ್ಲೇ ಉಳಿದು ಕಲಿಯುವ ಎಳೆಯರಿಗೆ ಅದು ಹೇಳಿ ಮಾಡಿಸಿದ್ದು. ನಿಮ್ಮಂಥವರಿಗೆ ಹವ್ಯಾಸಿ ಸಂಘಗಳ ವಾರದ ತರಗತಿ ಸರಿಹೋಗುತ್ತದೆ. ಅಲ್ಲಿ ಕ್ರಮ ಇರುತ್ತದೆ, ಜೊತೆಗಾರರು ಇರುತ್ತಾರೆ, ಹಾಡುವವರೂ ಸಿಗುತ್ತಾರೆ. ಅಪಾಯ ಏನೆಂದರೆ, ವಾರ್ಷಿಕೋತ್ಸವಕ್ಕೆ ಒಂದು ಪ್ರಸಂಗ ಗಟ್ಟಿ ಮಾಡಿಸಿ ಬಿಟ್ಟುಬಿಡುತ್ತಾರೆ. ಆ ಪ್ರಸಂಗ ಬಿಟ್ಟು ಬೇರೆ ಪದ್ಯ ಎತ್ತಿದರೆ ಕೈ ನಿಂತುಬಿಡುತ್ತದೆ. ಎರಡೂ ಕಡೆ ಹೋಗುವುದಾದರೆ ಗುರುಗಳಿಗೆ ಹೇಳಿಯೇ ಹೋಗಿ. ಬೇರೆಯವರ ಬಾಯಿಂದ ಗೊತ್ತಾದರೆ ಆ ಬಾಗಿಲು ಮುಚ್ಚಿತು ಅಂತ ತಿಳಿಯಿರಿ. ನನ್ನ ಸಲಹೆ, ಇನ್ನೊಂದು ಮಳೆಗಾಲ ಇವರಲ್ಲೇ ಇರಿ. ಪತ್ತನಾಜೆ ಕಳೆದರೆ, ಅಂದರೆ ಮೇ 24-25ರ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಆಮೇಲೆ ದೀಪಾವಳಿವರೆಗೆ ಭಾಗವತರಿಗೂ ಬಿಡುವು. ಗುರುಗಳ ಪರಿಚಯದ ಒಬ್ಬ ಎಳೆಯ ಭಾಗವತರನ್ನು ವಾರಕ್ಕೊಮ್ಮೆ ಹಾಡಲು ಒಪ್ಪಿಸಿ, ಅವರಿಗೆ ಸಲ್ಲಬೇಕಾದ್ದನ್ನು ಕೊಡಿ. ಈ ಒಂದು ಬದಲಾವಣೆಯಿಂದಲೇ ನಿಮ್ಮ ಅರ್ಧ ದೂರು ಹೋಗುತ್ತದೆ. ಮಳೆಗಾಲದಲ್ಲಿ ಮದ್ದಳೆಯ ಶ್ರುತಿ ನಿಲ್ಲುವುದಿಲ್ಲ, ಚರ್ಮದ ಮುಚ್ಚಿಗೆ ತೇವ ಹೀರಿ ಸಡಿಲ ಆಗುತ್ತದೆ. ಅದಕ್ಕೆ ಗಾಬರಿಯಾಗಿ ಒಲೆಯ ಬಳಿ ಇಡಬೇಡಿ, ಚರ್ಮ ಬಿರಿಯುತ್ತದೆ. ಬೆಚ್ಚಗಿನ ಒಣ ಕಪಾಟು ಸಾಕು.

ಸಿಟ್ಟಿನ ಬಗ್ಗೆ ಒಂದು ಮಾತು. ತಾಳ ತಪ್ಪಿದ್ದಕ್ಕೆ ಬೈಯುವುದು ಬೇರೆ, ಮನುಷ್ಯನನ್ನೇ ಹಳಿಯುವುದು ಬೇರೆ. ಜಾತಿ, ಮನೆ, ಮೈ ಹಿಡಿದು ಮಾತಾಡಿದರೆ ಅಥವಾ ಕೈ ಎತ್ತಿದರೆ, ಎಷ್ಟು ದೊಡ್ಡ ವಿದ್ವಾಂಸರೇ ಆಗಿರಲಿ, ಅಲ್ಲಿಂದ ಏಳಿ. ಏಟು ತಿಂದೇ ಕಲಿತೆವು ಅನ್ನುವವರು ನಮ್ಮಲ್ಲಿ ಬಹಳ ಮಂದಿ. ಏಟಿಗೆ ಹೆದರಿ ಬಿಟ್ಟು ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ಕಿವಿಯ ವಿಷಯ ಮಾತ್ರ ಕಾಯುವಂಥದ್ದಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುತ್ತಾರೆ, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 100ಕ್ಕೆ ಹದಿನೈದೇ ನಿಮಿಷ. ಮುಚ್ಚಿದ ಕೋಣೆಯಲ್ಲಿ ಪಕ್ಕದಲ್ಲೇ ಬಾರಿಸುವ ಚೆಂಡೆ ಅದನ್ನು ಸುಲಭವಾಗಿ ದಾಟುತ್ತದೆ. ನಮ್ಮ ಪೈಕಿ ಇದನ್ನು ಯಾರೂ ಲೆಕ್ಕಿಸಲಿಲ್ಲ. ನನ್ನ ಎಡಗಿವಿ ಈಗ ಸಣ್ಣ ದನಿಗೆ ತೆರೆದುಕೊಳ್ಳುವುದಿಲ್ಲ. ಚೆಂಡೆಯವರು ಅಂಗಳದಲ್ಲಿ ಕೂರಲಿ, ಅಥವಾ ಅಭ್ಯಾಸಕ್ಕೆ ಮರದ ಹಲಗೆಯನ್ನೋ ಹಳೇ ಟೈರಿನ ತುಂಡನ್ನೋ ಬಳಸಲಿ, ನನ್ನಲ್ಲಿ ಹಾಗೇ ಮಾಡಿಸುತ್ತೇನೆ. ಸಂಗೀತಗಾರರಿಗೆಂದೇ ಮಾಡಿದ ಇಯರ್ ಪ್ಲಗ್ ಸಿಗುತ್ತದೆ, ಸದ್ದು ಇಳಿಯುತ್ತದೆ, ನಾದ ಕೆಡುವುದಿಲ್ಲ. ಗುಂಯ್ ಅನ್ನುವುದು ಮರುದಿನಕ್ಕೂ ಉಳಿದರೆ ಕಿವಿಯ ಡಾಕ್ಟರರಿಗೆ ತೋರಿಸಿ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ, ಆದರೆ ಕೇಳಲಿಕ್ಕೆ. ಕಿವಿಗೆ ಮಕ್ಕಳ ಇಯರ್ ಮಫ್ ಹಾಕಿ. ಕಲಿಯಲು ಅವಳಿಗೆ ಓರಗೆಯ ಮಕ್ಕಳಿರುವ ತರಗತಿಯೇ ಒಳ್ಳೆಯದು, ಮೊದಲು ಹೆಜ್ಜೆ ಕಲಿಯಲಿ. ಹೆಜ್ಜೆ ಬಂದವರಿಗೆ ಮದ್ದಳೆ ಬೇಗ ಬರುತ್ತದೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಶಾಲೆಗಳಲ್ಲೇ ನಡೆಸುವ ತರಗತಿಯೂ ಅವಳಿಗೆ ಸಿಗಬಹುದು, ಅಲ್ಲಿ ಹೆಣ್ಣುಮಕ್ಕಳೂ ಬಣ್ಣ ಹಚ್ಚಿ ಕುಣಿಯುತ್ತಾರೆ.

ಕೊನೆಗೆ ಫೀಸು. ಅವರು ಮುಟ್ಟುವುದಿಲ್ಲ ಅಂತ ನೀವು ಕೈ ತೊಳೆದುಕೊಳ್ಳಬಾರದು. ಮೇಳ ಬಿಟ್ಟ ಕಲಾವಿದರ ಕೈ ಹೆಚ್ಚಿನ ಸಲ ಖಾಲಿಯೇ ಇರುತ್ತದೆ. ನೇರವಾಗಿ ದುಡ್ಡು ಚಾಚಿದರೆ ಅವರಿಗೆ ಅವಮಾನ. ವಿಜಯದಶಮಿಗೆ ಹಣ್ಣು, ವೀಳ್ಯದ ಜೊತೆ ಇಟ್ಟರೆ ಬೇಡ ಅನ್ನುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಅವರ ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಿಕೊಡಿ. ಯಾರ ಹತ್ರ ಹಾಕಿಸಬೇಕು ಅಂತ ಮಾತ್ರ ಮೊದಲೇ ಅವರನ್ನು ಕೇಳಿಕೊಳ್ಳಿ. ನೀವೇ ಯಾರನ್ನೋ ಹುಡುಕಿ ಮಾಡಿಸಿ ತಂದರೆ ಅದಕ್ಕೂ ಒಂದು ಬೈಗುಳ ಉಂಟು.